ಅಕ್ಕಿ ಮೂಟೆಗೆ ಸೀಟ್ ಬೆಲ್ಟ್

"ಢಬ್!"

ಜೋಕಾದ ಕಾಲೊನಿ ಗೇಟಿನ ಮುಂದಿನ ಹಂಪ್ ಹತ್ತಿ ಇಳಿಯುವಾಗ ಕಾರಿನ ಹಿಂಭಾಗ ಹೀಗೊಂದು ಸದ್ದು ಮಾಡಿತು. ಹಿಂದಿನ ಸೀಟಿನಲ್ಲಿ ಕೂತಿದ್ದ ಸ್ನೇಹಲತಾ ಅವರಿಗೆ ಸೊಂಟದಿಂದ ನೆತ್ತಿಯವರೆಗೆ ಝುಮ್ಮೆಂದಿತು. ತೊಡೆಯ ಮೇಲಿದ್ದ ಕಾಫಿ ಪುಡಿ ಪೊಟ್ಟಣ ಕಾಲಡಿಗೆ ಹೋಯಿತು.

"ಎಂತ ಮಾರಾಯ ಇದು? ಹಲ್ಲೆಲ್ಲ ಅಲುಗಿತು!"

"ಸ್ಪೋರ್ಟ್ಸ್ ಸೆಟಪ್ ಅಮ್ಮ. ಸ್ವಲ್ಪ ಸ್ಟಿಫ್ ಇರ್ತದೆ," ಎಂದ ಮಗ ಸ್ವಸ್ತಿಕ್, ಸ್ಟೀರಿಂಗಿನಿಂದ ಕಣ್ಣು ಕೀಳದೆ.

"ಸ್ವಲ್ಪವಾ?"

ಅವತ್ತು ಭಾನುವಾರ, ಅಕ್ಕಿ ತರುವ ದಿನ. ಆ ಕಾಲೊನಿಯಲ್ಲಿ ಕನ್ನಡದವರ ಮನೆ ಐದು. ಬ್ಯಾಂಕಿನವರು, ರೈಲ್ವೆಯವರು, ಒಬ್ಬೊಬ್ಬರದು ಒಂದೊಂದು ಊರು, ಒಂದೊಂದು ಬಗೆಯ ಕನ್ನಡ. ಬಂಗಾಳಿಗಳ ನಡುವೆ ಇದ್ದು ಮೀನು, ರಸಗುಲ್ಲ, ಮಿಷ್ಟಿ ದೊಯಿ ಅನ್ನುವ ಸಿಹಿ ಮೊಸರು ಎಲ್ಲ ಒಗ್ಗಿಹೋಗಿದೆ. ಅಕ್ಕಿ, ತೆಂಗಿನಕಾಯಿ, ಕಾಫಿ ಪುಡಿ ಮಾತ್ರ ಲೇಕ್ ಮಾರ್ಕೆಟ್ಟಿನ ದಕ್ಷಿಣದವರ ಅಂಗಡಿಯದೇ ಆಗಬೇಕು. ಅದಕ್ಕೇ ಒಂದು ಪಾಳಿ ಮಾಡಿಕೊಂಡಿದ್ದಾರೆ. ಒಂದು ಮನೆಯ ಪಾಳಿ ಅಂದರೆ ಎರಡು ತಿಂಗಳು. ತಿಂಗಳಿಗೊಮ್ಮೆ ಆ ಮನೆಯ ಕಾರು ಹೋಗಿ ಐದೂ ಮನೆಯ ಮೂಟೆ ಹೊತ್ತು ತರಬೇಕು.

ಈ ಪದ್ಧತಿ ಶುರು ಮಾಡಿದವರು ಸ್ನೇಹಲತಾ ಅವರ ಅತ್ತೆ ತುಂಗಮ್ಮ. ಎಂಬತ್ತರ ಹತ್ತಿರ ವಯಸ್ಸು, ಉಡುಪಿ ಕಡೆಯವರು. ಮೂವತ್ತು ವರ್ಷದಿಂದ ಯಾರ ಪಾಳಿಯೇ ಇರಲಿ, ಕಾಯಿ ಆರಿಸಲು ಇವರೇ ಹೋಗಬೇಕು. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಬೆರಳಿನಿಂದ ತಟ್ಟಿ, "ಇದು ಆಗ್ಲಿಕ್ಕಿಲ್ಲ" ಎಂದು ಪಕ್ಕಕ್ಕೆ ಇಟ್ಟರೆ ಅಂಗಡಿಯವನೂ ತುಟಿ ಎರಡು ಮಾಡುವುದಿಲ್ಲ. ಆದರೆ ನಾಲ್ಕು ತಿಂಗಳ ಹಿಂದೆ ಅವರು ಬಚ್ಚಲಲ್ಲಿ ಜಾರಿ ಬಿದ್ದರು. ಬೆನ್ನಿನ ಮೂಳೆ ಬಿರುಕು ಬಿಟ್ಟಿತು. ಅವತ್ತಿನಿಂದ ಮಂಚವೇ ಪ್ರಪಂಚ. ಈಗ ಡಾಕ್ಟರು, "ಬೆನ್ನಿಗೆ ಬೆಲ್ಟ್ ಕಟ್ಟಿಕೊಂಡು ನಿಧಾನಕ್ಕೆ ಹೊರಗೆ ಹೋಗಿ ಬರಬಹುದು. ಆದರೆ ಗಾಡಿಯಲ್ಲಿ ಜೋರಾದ ಕುಲುಕಾಟ ಒಂದೂ ಬೇಡ" ಎಂದಿದ್ದರು.

ಅಷ್ಟು ಸಾಕಾಯಿತು ತುಂಗಮ್ಮನವರಿಗೆ. ಬರುವ ತಿಂಗಳು ಅಷ್ಟಮಿ. ಉಂಡೆ ಆಗಬೇಕು, ಕಾಯಿ ಬೇಕು. "ನಾನೇ ಬರ್ತೇನೆ. ಮೊಮ್ಮಗನ ಕಾರಲ್ಲಿ," ಎಂದು ಅವರು ಐದೂ ಮನೆಗೆ ಫೋನು ಮಾಡಿ ಹೇಳಿಬಿಟ್ಟಿದ್ದರು.

ಆ ಢಬ್ ಸದ್ದು ಗೇಟಿನ ಬಳಿ ನಿಂತಿದ್ದ ಕೃಷ್ಣರಾಜರ ಕಿವಿಗೂ ಬಿತ್ತು. ಕೃಷ್ಣರಾಜರು ಸ್ನೇಹಲತಾ ಅವರ ಯಜಮಾನರು, ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾದವರು. ಕಾಗದ ನೋಡದೆ ಏನನ್ನೂ ನಂಬದ ಮನುಷ್ಯ.

"ಕೇಳಿತು ನನಗೆ," ಎಂದರು. "ಇದರಲ್ಲಿ ನನ್ನ ಅಮ್ಮ ಕೂರುವುದಿಲ್ಲ. ಮುಗೀತು. ಚೆನ್ನಾಗಿದ್ದ ಗಾಡಿಯನ್ನು ಹಾಳು ಮಾಡಿಟ್ಟಿದ್ದಾನೆ."

"ಚೆನ್ನಾಗಿರ್ಲಿಲ್ಲ ಅಪ್ಪ. ಹಳೇ ಶಾಕ್ ಅಬ್ಸಾರ್ಬರ್‌ನಿಂದ ಆಯಿಲ್ ಸೋರ್ತಿತ್ತು. ಹೇಗೂ ಚೇಂಜ್ ಮಾಡ್ಲಿಕ್ಕೆ ಇತ್ತು, ಅದಕ್ಕೇ ಸ್ಪ್ರಿಂಗು, ಶಾಕು ಸೇರಿದ ಕಾಯಿಲೋವರ್ ಸೆಟ್ ಹಾಕಿಸಿದೆ."

"ಎಂತ ಲೋವರೋ! ಕಾರು ಬೆಕ್ಕಿನ ಹಾಗೆ ನೆಲಕ್ಕೆ ಅಂಟಿ ಕೂತಿದೆ."

ಅಪ್ಪ ಮಗ ಹೀಗೆ ಹಗ್ಗ ಜಗ್ಗುತ್ತಿರುವಾಗ ಸ್ನೇಹಲತಾ ಅವರು ಏನು ಮಾಡುತ್ತಿದ್ದರು? ಬೇರೆ ಯಾರಾದರೂ ಆಗಿದ್ದರೆ ಒಳಗೆ ಹೋಗಿ ಕಾಫಿಗೆ ನೀರಿಡುತ್ತಿದ್ದರು. ಇವರಿಗೆ ಮೊದಲಿನಿಂದಲೂ ಕುತೂಹಲ ಒಂದು ಚೂರು ಜಾಸ್ತಿ. ಮಿಕ್ಸಿ ಕೆಟ್ಟರೆ ಬಿಚ್ಚಿ ನೋಡುವ ಹೆಂಗಸು. ಸೀರೆ ಎತ್ತಿ ಕಟ್ಟಿ ಹಿಂದಿನ ಚಕ್ರದ ಪಕ್ಕ ಕುಕ್ಕುರುಗಾಲಲ್ಲಿ ಕೂತರು. ಟೈರಿಗೂ ಅದರ ಮೇಲಿನ ತಗಡಿನ ಕಮಾನಿಗೂ ನಡುವೆ ಒಂದು ಬೆರಳೂ ಹೋಗಲಿಲ್ಲ. ಟೈರು ಒಳಗಡೆ ಉಜ್ಜಿ ಉಜ್ಜಿ ಹೊಳೆಯುತ್ತಿತ್ತು, ರಬ್ಬರು ಸುಟ್ಟ ವಾಸನೆ ಬೇರೆ.

ಮೂಟೆಗಳನ್ನೆಲ್ಲ ಇಳಿಸಿದ ಮೇಲೆ ಇನ್ನೊಮ್ಮೆ ಬೆರಳು ಹಾಕಿದರು. ಈಗ ಎರಡು ಬೆರಳು ಸಲೀಸಾಗಿ ಹೋದವು.

"ಅರೆ! ಅಕ್ಕಿ ಇಳಿಸಿದ ಮೇಲೆ ಗಾಡಿ ಎದ್ದು ನಿಂತಿತಲ್ಲ!"

ಹಾಗೇಕೆ ಎಂಬ ಪ್ರಶ್ನೆ ಅವರ ತಲೆಯಲ್ಲಿ ಕೂತುಬಿಟ್ಟಿತು. ಅತ್ತೆಯ ಕೋಣೆಗೆ ಹೋದರೆ ತುಂಗಮ್ಮ ಮಂಚದ ಮೇಲೆ ಕೂತು, ಬೆನ್ನಿನ ಬೆಲ್ಟನ್ನು ತಾವೇ ಬಿಗಿದು ಅಭ್ಯಾಸ ಮಾಡುತ್ತಿದ್ದರು. "ಕಾಯಿ ತೋರಿಸು ನೋಡುವ," ಎಂದು ಒಂದನ್ನು ತೆಗೆದುಕೊಂಡು ತಟ್ಟಿದರು. ಮುಖ ಹುಳಿ ಮಾಡಿದರು. "ಎಳತು. ನಿನಗೆ ಇಷ್ಟು ವರ್ಷ ಆದ್ರೂ ಕಾಯಿ ಗೊತ್ತಾಗುದಿಲ್ಲ." ಬೈಸಿಕೊಂಡರೂ ಸ್ನೇಹಲತಾ ಅವರಿಗೆ ಕಣ್ಣು ತುಂಬಿತು. ನಾಲ್ಕು ತಿಂಗಳಿನಲ್ಲಿ ಅತ್ತೆ ಇಷ್ಟು ಜೋರಾಗಿ ಬೈದದ್ದು ಅದೇ ಮೊದಲು. ಹೇಗಾದರೂ ಇವರನ್ನು ಕರೆದುಕೊಂಡು ಹೋಗಲೇಬೇಕು ಎಂದು ಅನಿಸಿತು.

ಸಂಜೆ ಅವರು ಹಿಂದಿನ ಬ್ಲಾಕಿನ ವಸುಂಧರಾ ಅವರ ಮನೆಯ ಬಾಗಿಲು ತಟ್ಟಿದರು. ವಸುಂಧರಾ ಧಾರವಾಡದವರು. ರೈಲ್ವೆ ಬೋಗಿ ರಿಪೇರಿಯ ಕಾರ್ಖಾನೆಯಲ್ಲಿ ಸ್ಪ್ರಿಂಗ್ ವಿಭಾಗದ ಇಂಜಿನಿಯರಾಗಿ ಮೂವತ್ತು ವರ್ಷ ದುಡಿದವರು. ಕತೆಯೆಲ್ಲ ಕೇಳಿ ಅವರು ಚಪ್ಪಲಿ ಮೆಟ್ಟಿಕೊಂಡು ನೇರವಾಗಿ ಕಾರಿನ ಹತ್ತಿರ ಬಂದರು.

"ಏನ್ ತಮ್ಮಾ, ಎತ್ತರ ಯಾವಾಗ ಅಳದಿ?"

"ಹಾಕಿಸಿದ ದಿನಾನೇ ಆಂಟಿ," ಎಂದ ಸ್ವಸ್ತಿಕ್.

"ಆವಾಗ ಗಾಡ್ಯಾಗ ಯಾರಿದ್ರು?"

"ಯಾರೂ ಇಲ್ಲ."

"ಡಿಕ್ಕಿಯೊಳಗ?"

"ಖಾಲಿ."

"ಅಂದ್ರ ಖಾಲಿ ಗಾಡಿಗೆ ಅಳತಿ ತಗೊಂಡು, ಐದು ಮನಿ ಅಕ್ಕಿ ಹೇರಿದಿ. ಹೌದಲ್ಲೋ?"

ಸ್ನೇಹಲತಾ ಅವರು ಕಾಲೊನಿಯ ಅರ್ಧ ಹೆಂಗಸರಿಗೆ ರವಿಕೆ ಹೊಲಿಯುವವರು. ಅವರಿಗೆ ತಟ್ಟನೆ ಹೊಳೆಯಿತು. "ರವಿಕೆಗೆ ಹ್ಯಾಂಗರಿನ ಅಳತೆ ತೆಗೆದ ಹಾಗಾಯ್ತಲ್ಲ ವಸುಂಧರಕ್ಕ!"

"ಅದೇ ನೋಡ್ರಿ!" ವಸುಂಧರಾ ನಕ್ಕರು. "ತಿಳ್ಕೋರಿ, ಭಾರ ಹೊರೂದು ಸ್ಪ್ರಿಂಗ್. ಆ ಸ್ಪ್ರಿಂಗ್ ಕುಣೀಲಾರದಂಗ ಹಿಡಿಯೂದು ಶಾಕ್ ಅಬ್ಸಾರ್ಬರ್. ಇವನ ಸೆಟ್ಟಿನ್ಯಾಗ ಎರಡಕ್ಕೂ ತಿರುವೂ ವ್ಯವಸ್ಥಾ ಐತಿ. ಕೆಳಗಿನ ಕೈಬಳಿಯಂಥಾ ಉಂಗುರ ತಿರುವಿದ್ರ ಗಾಡಿ ಮ್ಯಾಲೆ ಕೆಳಗ ಆಗತೈತಿ. ಮ್ಯಾಲಿನ ಗುಂಡಿ ತಿರುವಿದ್ರ ಗಡಸು, ಮೆತ್ತಗ ಆಗತೈತಿ. ಗುಂಡಿ ಎಲ್ಲಿಗಿಟ್ಟಿ ತಮ್ಮಾ?"

"ಫುಲ್ ಹಾರ್ಡ್. ಹಾರ್ಡ್ ಇದ್ರೆ ಸೇಫ್ ಅಲ್ವಾ?"

"ಯಾರು ಹೇಳಿದ್ರು?"

"ವಿಡಿಯೊದಲ್ಲಿ..."

"ಆ ವಿಡಿಯೊದಾಗ ಹಿಂದಿನ ಸೀಟಿನ್ಯಾಗ ಅಜ್ಜಿ ಕುಂತಿದ್ರೇನು?"

ಸ್ವಸ್ತಿಕ್ ತಲೆ ಕೆರೆದುಕೊಂಡ. ಇಲ್ಲ, ಅಜ್ಜಿ ಕೂತಿರಲಿಲ್ಲ.

"ಪೂರಾ ತಗ್ಗಿಸಿ ಭಾರ ಹೇರಿದ್ರ ಸ್ಪ್ರಿಂಗಿಗೆ ಇಳೀಲಿಕ್ಕೆ ಜಾಗಾನ ಇರೂದಿಲ್ಲ. ಕಡೀಕ ಒಂದು ರಬ್ಬರಿನ ತಡಿ ಇರತದ, ಅದಕ್ಕ ಹೋಗಿ ಬಡೀತೈತಿ. ಅದೇ ನಿಮ್ಮ ಢಬ್. ಆ ಪೆಟ್ಟು ನೆಟ್ಟಗ ಬೆನ್ನಿಗೆ. ಸೆಟ್ಟಿನ ಜೋಡಿ ಒಂದು ಪುಸ್ತಕ ಬಂದಿರಬೇಕಲ್ಲ, ಎಲ್ಲೈತಿ?"

ಹುಡುಕಾಟ ಶುರುವಾಯಿತು. ಸ್ವಸ್ತಿಕ್‌ನ ಕಪಾಟಿನಲ್ಲಿ ಇಲ್ಲ, ಪೇಪರಿನ ರಾಶಿಯಲ್ಲಿ ಇಲ್ಲ. ಕೊನೆಗೆ ಸಿಕ್ಕಿದ್ದು ತುಂಗಮ್ಮನವರ ಕೋಣೆಯಲ್ಲಿ. ಅವರು ಅದನ್ನು ಮಜ್ಜಿಗೆ ಲೋಟಕ್ಕೆ ಮುಚ್ಚಳ ಮಾಡಿಕೊಂಡಿದ್ದರು.

"ಗಟ್ಟಿ ಕಾಗದ. ನೊಣ ಬರುದಿಲ್ಲ," ಎಂದರು ತುಂಗಮ್ಮ.

ವಸುಂಧರಾ ಮಜ್ಜಿಗೆಯ ಕಲೆ ಒರೆಸಿ ಪುಸ್ತಕ ಓದಿದರು. ಇದಕ್ಕಿಂತ ಕೆಳಗೆ ಇಳಿಸಬೇಡಿ ಎಂಬ ಗಡಿ, ಎಷ್ಟು ಭಾರ ಹೇರಬಹುದು ಎಂಬ ಲೆಕ್ಕ, ಎಲ್ಲ ಅದರಲ್ಲೇ ಇತ್ತು. ಸ್ವಸ್ತಿಕ್ ಆ ಗಡಿಗಿಂತ ಒಂದು ಇಂಚು ಕೆಳಗೆ ಇಳಿಸಿಬಿಟ್ಟಿದ್ದ.

"ತಂದಿರೋ ಸಾಮಾನು ಛಲೋ ಐತಿ. ನಮ್ಮ ಭಾರಾನೂ ಹೊರತೈತಿ," ಎಂದರು. "ಆದ್ರ ಮುಟ್ಟೂಕಿಂತ ಮೊದಲ ಇನ್ನೊಂದು ಕೇಳ್ತೀನಿ. ವಿಮೆಯವರಿಗೆ ಹೇಳೀಯೇನು? ಆರ್‌ಟಿಒದಾಗ ವಿಚಾರಿಸೀಯೇನು?"

"ಇಲ್ಲ ಆಂಟಿ," ಎಂದ ಸ್ವಸ್ತಿಕ್. ಅಲ್ಲಿಯವರೆಗೆ ಬಾಲ್ಕನಿಯಲ್ಲಿ ಪೇಪರ್ ಹಿಡಿದುಕೊಂಡು ಕೇಳಿಸಿಕೊಳ್ಳದವರ ಹಾಗೆ ಕೂತಿದ್ದ ಕೃಷ್ಣರಾಜರು ದಡಕ್ಕನೆ ಎದ್ದರು.

"ಹೇಳಲಿಲ್ವಾ? ನಾಳೆ ಎಲ್ಲಾದರೂ ಗುದ್ದಿದರೆ ಅವರು ಒಂದು ಪೈಸೆ ಕೊಡ್ಲಿಕ್ಕಿಲ್ಲ ಗೊತ್ತುಂಟಾ? ಬಾಯಿಮಾತಲ್ಲಿ ಆಗುದಿಲ್ಲ, ಬರೆದೇ ಕೇಳಬೇಕು. ಪೆನ್ನು ಕೊಡು." ಆ ಕೆಲಸ ಮಾತ್ರ ಅವರು ಬೇರೆ ಯಾರಿಗೂ ಬಿಡಲಿಲ್ಲ. ಎರಡೂ ಕಡೆಗೆ ಪತ್ರ ಹೋಯಿತು. ವಿಮೆಯವರು ಬಿಲ್ಲು, ಫೋಟೊ ತರಿಸಿಕೊಂಡು ದಾಖಲು ಮಾಡಿಕೊಂಡರು. ಆರ್‌ಟಿಒಗೆ ಮಗನ ಕೈಯಲ್ಲಿ ಕಾರನ್ನೇ ತರಿಸಿ ತೋರಿಸಿ, ಯಾವುದಕ್ಕೆ ಒಪ್ಪಿಗೆ ಉಂಟು, ಯಾವುದಕ್ಕಿಲ್ಲ ಎಂದು ಕೇಳಿ, ಉತ್ತರ ಬರೆಸಿಕೊಂಡೇ ಬಂದರು. "ಕಾಗದ ಸರಿಯಾಯ್ತು. ಗಾಡಿ ಸರಿಯಾಗಲಿಲ್ಲ. ನಾನು ಅದರಲ್ಲಿ ಕೂರುದಿಲ್ಲ," ಎಂದರು.

ಮುಂದಿನ ಶನಿವಾರ ಬೆಳಿಗ್ಗೆ ಕಾಲೊನಿಯಲ್ಲಿ ಒಂದು ವಿಚಿತ್ರ ಮೆರವಣಿಗೆ ನಡೆಯಿತು. ಹಂಚಿದ್ದ ಅಕ್ಕಿ ಮೂಟೆ, ಮನೆಯಲ್ಲಿ ಉಳಿದಿದ್ದ ಹಳೇ ಮೂಟೆ ಎಲ್ಲ ಐದು ಮನೆಯಿಂದ ವಾಪಸ್ ಹೊರಟವು. ವಸುಂಧರಾ ಅವರ ಅಪ್ಪಣೆ. "ಇಪ್ಪತ್ತೈದು ಕಿಲೊ ಅಂತ ಮೂಟಿ ಮ್ಯಾಲ ಬರದೈತಿ. ಇದಕ್ಕಿಂತ ಛಲೋ ತೂಕದ ಕಲ್ಲು ಎಲ್ಲಿ ಸಿಗಬೇಕು?"

ಹತ್ತಿರದ ಠಾಕುರ್‌ಪುಕುರ್‌ನಲ್ಲಿ ಮೆಕ್ಯಾನಿಕ್ ತಪನ್‌ದಾ ಅವರ ಗ್ಯಾರೇಜು. ಸೆಟ್ಟು ಕೂರಿಸಿದ್ದೂ ಅಲ್ಲೇ. ಕಾರಿನಿಂದ ಅಕ್ಕಿ ಮೂಟೆ ಇಳಿಯುವುದು ನೋಡಿ ತಪನ್‌ದಾ, "ಏನು ದೀದಿ, ಗ್ಯಾರೇಜಲ್ಲಿ ಮದುವೆ ಊಟವಾ?" ಎಂದು ಹಿಂದಿಯಲ್ಲಿ ಕೇಳಿದರು. ಡಿಕ್ಕಿಯಲ್ಲಿ ನಾಲ್ಕು ಮೂಟೆ ಇಟ್ಟಾಯಿತು. ಸ್ವಸ್ತಿಕ್ ಸ್ಟೀರಿಂಗ್ ಹಿಂದೆ ಕೂತ. ಹಿಂದೆ ತುಂಗಮ್ಮನವರ ಜಾಗಕ್ಕೆ ಎರಡು ಮೂಟೆ, ಸ್ನೇಹಲತಾ ಅವರ ಜಾಗಕ್ಕೂ ಎರಡು. ಅಳತೆ ಟೇಪು ಹಿಡಿಯಬೇಕಾದವರು ಅವರೇ ತಾನೆ? ಮುಂದಿನ ಸೀಟು ಖಾಲಿ ಉಳಿಯಿತು.

"ಇಲ್ಲಿ ನಿಮ್ಮ ಯಜಮಾನ್ರು ಕೂಡಬೇಕಲ್ಲ?" ಎಂದರು ವಸುಂಧರಾ.

"ಅವರು ಬರುದಿಲ್ಲ ಎಂದು ಹಟ ಹಿಡಿದಿದ್ದಾರೆ," ಎಂದು ಸ್ನೇಹಲತಾ ಮೂಟೆಗಳ ಕಡೆ ತಿರುಗಿದರು. "ಮೂರು ಮೂಟೆ ಸೇರಿದರೆ ಸರಿಯಾಗಿ ಇವರೇ!" ಎರಡನ್ನು ಸೀಟಿನ ಮೇಲೆ, ಒಂದನ್ನು ಕಾಲಿಡುವ ಜಾಗದಲ್ಲಿ ಇಟ್ಟರು. ಜಾರಬಾರದೆಂದು ಸೀಟ್ ಬೆಲ್ಟನ್ನೂ ಹಾಕಿದರು.

ನೆಲ ಸಪಾಟಾಗಿರುವ ಕಡೆ ಕಾರು ನಿಲ್ಲಿಸಿ, ಚಕ್ರದ ನಡುಮಧ್ಯದಿಂದ ಕಮಾನಿನ ಅಂಚಿನವರೆಗೆ ಸ್ನೇಹಲತಾ ಟೇಪು ಹಿಡಿದರು. ಹಿಂದಿನ ಎಡಗಡೆ ಬಲಗಡೆಗಿಂತ ಅರ್ಧ ಇಂಚು ತಗ್ಗು. "ಒಂದು ತೋಳು ಗಿಡ್ಡ ಹೊಲಿದಿದ್ದೀರಿ ತಪನ್‌ದಾ," ಎಂದರು. ತಪನ್‌ದಾ ನಾಲಿಗೆ ಕಚ್ಚಿಕೊಂಡರು. ಸೆಟ್ಟು ಕೂರಿಸಿದ ದಿನ, ಸಂಜೆಯೊಳಗೆ ಮುಗಿಯಲೇಬೇಕು, ಗೆಳೆಯರಿಗೆ ತೋರಿಸಬೇಕು ಎಂದು ಸ್ವಸ್ತಿಕ್ ಬೆನ್ನು ಹತ್ತಿದ್ದನಂತೆ. ಅಳತೆ ಇನ್ನೊಮ್ಮೆ ನೋಡಲು ಪುರುಸೊತ್ತೇ ಆಗಲಿಲ್ಲವಂತೆ.

ಮೂಟೆ ಇಳಿಸಿ ಕಾರನ್ನು ಜ್ಯಾಕಿನಿಂದ ಎತ್ತಿದ್ದೇ ತಡ, ಸ್ನೇಹಲತಾ ಕೆಳಗೆ ಇಣುಕಲು ಹೋದರು. ವಸುಂಧರಾ ಸೆರಗು ಹಿಡಿದು ಎಳೆದರು.

"ಏ ಏ, ತಡೀರಿ! ಜ್ಯಾಕ್ ಒಂದನ್ನ ನಂಬಬ್ಯಾಡ್ರಿ. ಅದು ಜಾರಿದ್ರ ಮುಗದೇ ಹೋತು. ಮೊದಲ ಕಬ್ಬಿಣದ ಸ್ಟ್ಯಾಂಡ್ ಕೊಡ್ಲಿ." ಆಮೇಲೆ ಸ್ಪ್ರಿಂಗ್ ತೋರಿಸಿದರು. "ಇದನ್ನ ಅಮುಕಿ ಕೂಡ್ಸಿರತಾರ. ಮನ್ಯಾಗ ಬಿಚ್ಚಾಕ ಹೋದ್ರ ಬಂದೂಕಿನ ಗುಂಡಿನಂಗ ಹಾರತೈತಿ. ನೋಡೂದು ನಮ್ಮ ಕೆಲಸ, ಬಿಚ್ಚೂದು ಅವರ ಕೆಲಸ."

ತಪನ್‌ದಾ ಎರಡೂ ಬದಿಯ ಬಳೆ ತಿರುವಿ ಎತ್ತರ ಮಾಡಿ, ಅದು ಸಡಿಲವಾಗದಂತೆ ಕೆಳಗಿನ ಇನ್ನೊಂದು ಬಳೆಯನ್ನು ಬಿಗಿ ಮಾಡಿದರು. ಕಾರು ಇಳಿಸಿ, ಮತ್ತೆ ಮೂಟೆ ಹೇರಿ, ನಾಲ್ಕು ಮಾರು ಹಿಂದೆ ಮುಂದೆ ಉರುಳಿಸಿ ಮತ್ತೆ ಅಳತೆ. ಮೂರನೆಯ ಸಲಕ್ಕೆ ಎಡ ಬಲ ಸರಿಹೋಯಿತು, ಪುಸ್ತಕದ ಗಡಿಯೊಳಗೂ ಬಂತು. ಚಕ್ರ ಗಾಳಿಯಲ್ಲಿ ನೇತಾಡುವಾಗ ಬಿಗಿದಿದ್ದ ಬೋಲ್ಟುಗಳನ್ನು ವಸುಂಧರಾ ಸಡಿಲ ಮಾಡಿಸಿ, ಗಾಡಿಯ ಭಾರ ಚಕ್ರದ ಮೇಲೆ ಕೂತ ನಂತರ ಬಿಗಿ ಮಾಡಿಸಿದರು. ಇಲ್ಲದಿದ್ದರೆ ಒಳಗಿನ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ ಎಂದು ಕಾರಣವನ್ನೂ ಹೇಳಿದರು.

ಹೊತ್ತಾಯಿತೆಂದು ಹುಡುಕಿಕೊಂಡು ಕೃಷ್ಣರಾಜರು ಆಟೋದಲ್ಲಿ ಬಂದಿಳಿದದ್ದು ಇದೇ ಹೊತ್ತಿಗೆ. ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿ ಕೂತಿದ್ದ ಮೂಟೆಗಳನ್ನು ನೋಡಿದರು.

"ಇದು ಯಾರು?"

"ನೀವೇ," ಎಂದರು ಸ್ನೇಹಲತಾ.

ತಪನ್‌ದಾ ಹೊಟ್ಟೆ ಹಿಡಿದು ನಕ್ಕರು. ಕೃಷ್ಣರಾಜರಿಗೆ ಸಿಟ್ಟು ಬಂತೋ ನಗು ಬಂತೋ, "ಮೂಟೆ ಇಳಿಸಿ, ನಾನೇ ಕೂರುತ್ತೇನೆ. ಆದರೆ ಅಮ್ಮ ಕೂರುವ ಜಾಗದಲ್ಲಿ. ಕುಲುಕಿದರೆ ಅಲ್ಲೇ ಇಳಿದುಬಿಡ್ತೇನೆ," ಎಂದರು.

"ಭೇಷ್! ಕೈಯಾಗ ಒಂದು ತಂಬಿಗಿ ನೀರು ಹಿಡ್ಕೋರಿ," ಎಂದರು ವಸುಂಧರಾ.

ಒಂದೇ ಗಲ್ಲಿ, ಅದೇ ಮೂರು ಹಂಪ್, ಅದೇ ವೇಗ. ಒಂದು ಸಲಕ್ಕೆ ಒಂದೇ ಬದಲಾವಣೆ. ಮೊದಲು ಗುಂಡಿ ಪೂರಾ ಗಡಸು. ನೀರು ಚಿಮ್ಮಿ ಕೃಷ್ಣರಾಜರ ಅಂಗಿ ಒದ್ದೆ. ಆಮೇಲೆ ಪೂರಾ ಮೆತ್ತಗೆ. ಹಂಪ್ ಇಳಿದ ಮೇಲೂ ಕಾರು ದೋಣಿಯಂತೆ ತೇಲಿ ತೇಲಿ ಏಳುತ್ತಿತ್ತು, ಈ ಸಲ ಪಂಚೆ ಒದ್ದೆ. "ನೋಡಿದ್ರಾ, ಮೆತ್ತಗಿದ್ರೂ ಸುಖಾ ಇಲ್ಲ," ಎಂದರು ವಸುಂಧರಾ. ಮೆತ್ತಗಿನ ಕಡೆಯಿಂದ ಟಿಕ್ ಟಿಕ್ ಎಂದು ಎಣಿಸುತ್ತ, ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ ತಿರುವುತ್ತ ಹೋದರು. ಎಂಟನೆಯ ಟಿಕ್ಕಿಗೆ ಕಾರು ಹಂಪ್ ಇಳಿದು ಒಮ್ಮೆ ಉಸಿರು ಬಿಟ್ಟಂತೆ ಮಾಡಿ ಸುಮ್ಮನಾಯಿತು. ತಂಬಿಗೆಯ ನೀರು ಅಂಚಿನವರೆಗೆ ಬಂದು ಹಿಂದಕ್ಕೆ ಹೋಯಿತು.

ಕೃಷ್ಣರಾಜರು ತಂಬಿಗೆಯನ್ನೇ ನೋಡಿದರು. ಆಮೇಲೆ, "ಇನ್ನೊಮ್ಮೆ ಹೋಗುವ," ಎಂದರು.

"ಯಾಕಪ್ಪ, ಡೌಟಾ?"

"ಡೌಟಲ್ಲ ಮಾರಾಯ. ಒಂಬತ್ತಕ್ಕೆ ಹೇಗಿರ್ತದೆ ಎಂದು ನೋಡುವ."

ಸ್ನೇಹಲತಾ ಅವರಿಗೆ ನಗು ತಡೆಯಲಾಗಲಿಲ್ಲ. ತಮ್ಮ ಕುತೂಹಲದ ರೋಗ ಗಂಡನಿಗೂ ಅಂಟಿತು ಎಂದು ಖುಷಿಯಾಯಿತು. ಒಂಬತ್ತು, ಹತ್ತು, ಏಳು ಎಲ್ಲ ನೋಡಿ ಮತ್ತೆ ಎಂಟಕ್ಕೇ ಬಂದರು. ಅವತ್ತೇ ಚಕ್ರದ ಅಲೈನ್‌ಮೆಂಟ್ ಮಾಡಿಸಿದರು. ಎತ್ತರ ಬದಲಾದರೆ ಚಕ್ರದ ಓರೆಯೂ ಬದಲಾಗುತ್ತದೆ, ಟೈರು ಒಂದೇ ಬದಿ ಸವೆಯುತ್ತದೆ. ಎದುರಿನವರ ಕಣ್ಣಿಗೆ ಹೊಡೆಯದಂತೆ ಹೆಡ್‌ಲೈಟನ್ನೂ ಸರಿಪಡಿಸಿದರು. ಎರಡು ವಾರ ಓಡಿಸಿದ ಮೇಲೆ ತಪನ್‌ದಾ ಮತ್ತೆ ಬಳೆ, ಬೋಲ್ಟು ಎಲ್ಲ ತಪಾಸಣೆ ಮಾಡಿದರು. ಒಂದು ಬಳೆ ಅರ್ಧ ಸುತ್ತು ಸಡಿಲವಾಗಿತ್ತು. ಬಿಗಿ ಮಾಡಿದರು.

ಅಷ್ಟಮಿಯ ಹಿಂದಿನ ಭಾನುವಾರ ತುಂಗಮ್ಮ ಬೆಲ್ಟ್ ಕಟ್ಟಿ, ಮೈಸೂರು ರೇಷ್ಮೆಯ ಸೀರೆ ಉಟ್ಟು ಹೊರಟರು. ಕಾಯಿ ತರುವುದಕ್ಕೆ ರೇಷ್ಮೆ ಸೀರೆ ಯಾಕೆ ಎಂದು ಯಾರೂ ಕೇಳಲಿಲ್ಲ. ಹಿಂದಿನ ಸೀಟಿನಲ್ಲಿ ಅವರು, ಪಕ್ಕದಲ್ಲಿ ಸೊಸೆ. ಮುಂದೆ ಕೃಷ್ಣರಾಜರು, ಕೈಯಲ್ಲಿ ತುಂಬಿದ ತಂಬಿಗೆ. "ಈಗ ಯಾಕೆ ಅದು?" ಎಂದು ಸ್ನೇಹಲತಾ ಕೇಳಿದರೆ, "ಇರ್ಲಿ. ಸಾಕ್ಷಿ ಬೇಕು," ಎಂದರು.

ಬೆಹಾಲಾ ದಾಟಿತು, ನ್ಯೂ ಅಲೀಪುರ ದಾಟಿತು. ರಸ್ತೆಯ ಪ್ರತಿ ಗುಂಡಿಗೂ ಸ್ನೇಹಲತಾ ಅತ್ತೆಯ ಮುಖ ನೋಡುತ್ತಿದ್ದರು. ತುಂಗಮ್ಮ ಕಿಟಕಿಯಾಚೆ ನೋಡುತ್ತಿದ್ದರು. ಐದು ತಿಂಗಳಲ್ಲಿ ಎಷ್ಟು ಹೊಸ ಬೋರ್ಡು ಬಂದಿವೆ ಎಂದು ಎಣಿಸುತ್ತಿದ್ದರಂತೆ. ಲೇಕ್ ಮಾರ್ಕೆಟ್ಟಿನಲ್ಲಿ ಅಂಗಡಿಯವನು ಸ್ಟೂಲು ತಂದು ಹಾಕಿದ. ಅವರು ಕೂರಲಿಲ್ಲ. ನಿಂತೇ ಐವತ್ತು ಕಾಯಿ ತಟ್ಟಿದರು, ಇಪ್ಪತ್ತೊಂಬತ್ತನ್ನು ಪಕ್ಕಕ್ಕೆ ಇಟ್ಟರು.

ವಾಪಸ್ ಬರುವಾಗ ಡಿಕ್ಕಿಯ ತುಂಬ ಮೂಟೆ. ಕಾಲೊನಿ ಗೇಟಿನ ಹಂಪ್ ಬಂತು. ಸ್ವಸ್ತಿಕ್ ವೇಗ ಇಳಿಸಿದ. ಸ್ನೇಹಲತಾ ಅತ್ತೆಯ ಕೈ ಹಿಡಿದುಕೊಂಡರು. ಕಾರು ಹತ್ತಿತು, ಇಳಿಯಿತು.

"ಕೈ ಬಿಡು ಮಾರಾಯ್ತಿ, ನೋಯ್ತದೆ," ಎಂದರು ತುಂಗಮ್ಮ. ಅಂದು ಅವರಿಗೆ ನೋವಾದದ್ದು ಅಷ್ಟೇ.

ಕಾರು ನಿಂತಿತು. ಕೃಷ್ಣರಾಜರು ಹಿಂದೆ ತಿರುಗಿ ಅಮ್ಮನ ಮುಖ ನೋಡಿದರು, ಮಗನ ಮುಖ ನೋಡಿದರು. ಆಮೇಲೆ ಅಲ್ಲಿಯವರೆಗೆ ಜೋಪಾನವಾಗಿ ಹಿಡಿದಿದ್ದ ಸಾಕ್ಷಿಯನ್ನು ಎತ್ತಿ ಗಟಗಟನೆ ಕುಡಿದುಬಿಟ್ಟರು.

ಓದುವ, ಕೇಳುವ ಅಕ್ಕ-ಅಣ್ಣಂದಿರೇ, ನಿಮ್ಮ ಮನೆಯ ಹುಡುಗ ಅಥವಾ ಹುಡುಗಿ ಕಾರಿಗೆ ಹೊಸ ಸಸ್ಪೆನ್ಷನ್ ಹಾಕಿಸುತ್ತೇನೆಂದರೆ ಬೈಯಬೇಡಿ, ಸುಮ್ಮನೆ ತಲೆಯಾಡಿಸಲೂ ಬೇಡಿ. ಪಕ್ಕದಲ್ಲಿ ನಿಂತು ಕೇಳಿ: ಪುಸ್ತಕ ಓದಿದೆಯಾ? ವಿಮೆಯವರಿಗೆ, ಆರ್‌ಟಿಒಗೆ ಕೇಳಿದೆಯಾ? ಅಳತೆ ಯಾರು ಕೂತಾಗ ತೆಗೆದೆ? ಕೆಲಸ ಬಲ್ಲವರ ಕೈಯಲ್ಲಿ ಮಾಡಿಸಿ, ಅಲೈನ್‌ಮೆಂಟ್ ಬಿಡಬೇಡಿ, ಕೆಲವು ದಿನ ಓಡಿಸಿ ಮತ್ತೆ ಬಿಗಿ ನೋಡಿಸಿ. ಮತ್ತೆ ಗ್ಯಾರೇಜಿಗೆ ಹೊರಡುವ ಮುಂಚೆ ಒಂದು ಸಲ ಯೋಚಿಸಿ, ನಿಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕೂರುವವರು ಯಾರು? ಅವರ ತೂಕದ ಅಕ್ಕಿಯನ್ನು ಜೊತೆಗೆ ಒಯ್ಯಿರಿ. ಅಕ್ಕಿ ಎಲ್ಲಿಗೂ ಹೋಗುವುದಿಲ್ಲ, ಸಂಜೆ ವಾಪಸ್ ಬಂದು ಅನ್ನ ಮಾಡಬಹುದು.